ಕೈತೊಳೆಯುವ ಕಾರ್ಯಕ್ರಮಗಳ ಅಧ್ಯಯನಗಳನ್ನು ಒಟ್ಟಿಗೆ ಪರಾಮರ್ಶಿಸಿದ ಅನುಭವ

ಸಾಬೂನಿನಿಂದ ಕೈತೊಳೆಯುವಂತೆ ಪ್ರೇರೇಪಿಸುವ ಕಾರ್ಯಕ್ರಮಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಅತಿಸಾರ ಎಷ್ಟರಮಟ್ಟಿಗೆ ಕಡಿಮೆಯಾಗುತ್ತದೆ ಎಂಬ ಪ್ರಶ್ನೆಯನ್ನಿಟ್ಟುಕೊಂಡು ನಾನು ಸಹೋದ್ಯೋಗಿಗಳ ಜೊತೆಗೂಡಿ ಒಂದು ವ್ಯವಸ್ಥಿತ ಪರಾಮರ್ಶೆ (ಒಂದೇ ಪ್ರಶ್ನೆಯ ಮೇಲಿನ ಅಧ್ಯಯನಗಳನ್ನು ನಿಗದಿತ ಕ್ರಮದಲ್ಲಿ ಹುಡುಕಿ ಒಟ್ಟಿಗೆ ತೂಗಿನೋಡುವ ಕೆಲಸ) ನಡೆಸಿದೆ. ಔಷಧದ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಗುಳಿಗೆಯೂ ಅದರ ಪ್ರಮಾಣವೂ ನಿಗದಿಯಾಗಿರುತ್ತವೆ. ಇಲ್ಲಿ ಹಾಗಲ್ಲ: ಒಂದು ಅಧ್ಯಯನದಲ್ಲಿ ಸಾಬೂನನ್ನು ಉಚಿತವಾಗಿ ಹಂಚಿರುತ್ತಾರೆ, ಇನ್ನೊಂದರಲ್ಲಿ ಶಾಲೆಯಲ್ಲಿ ಪಾಠ ಹೇಳಿರುತ್ತಾರೆ, ಮತ್ತೊಂದರಲ್ಲಿ ಮನೆಮನೆಗೆ ಹೋಗಿ ತಾಯಂದಿರೊಡನೆ ಮಾತನಾಡಿರುತ್ತಾರೆ, ಹೆಸರು ಮಾತ್ರ ಎಲ್ಲಕ್ಕೂ ಒಂದೇ. ಆದ್ದರಿಂದ ಯಾವ ಅಧ್ಯಯನವನ್ನು ಯಾವುದರೊಡನೆ ಸೇರಿಸಬಹುದೆಂಬುದನ್ನು ಫಲಿತಾಂಶ ನೋಡುವ ಮೊದಲೇ ತೀರ್ಮಾನಿಸುವುದು ಈ ಕೆಲಸದ ತಿರುಳೆಂದು ನಾನು ಭಾವಿಸುತ್ತೇನೆ.

ಆ ತೀರ್ಮಾನಗಳನ್ನು ಪರಾಮರ್ಶೆಯ ಲಿಖಿತ ಯೋಜನೆಯಾದ ಪ್ರೋಟೋಕಾಲ್‌ನಲ್ಲಿ ಬರೆದು, 2011ರಿಂದ ನಡೆಯುತ್ತಿರುವ, ಇಂಥ ಪರಾಮರ್ಶೆಗಳ ಯೋಜನೆಗಳನ್ನು ಮುಂಚಿತವಾಗಿ ದಾಖಲಿಸುವ ಪ್ರಾಸ್ಪೆರೊ ನೋಂದಣಿಯಲ್ಲಿ ದಾಖಲಿಸಿದೆವು. ಮನೆ, ಶಾಲೆ ಮತ್ತು ಶಿಶುಪಾಲನಾ ಕೇಂದ್ರಗಳನ್ನು ಪ್ರತ್ಯೇಕ ಗುಂಪುಗಳನ್ನಾಗಿ ಇಟ್ಟೆವು. ಸಾಬೂನು ಹಂಚಿದವುಗಳನ್ನೂ ಬರೀ ತಿಳಿವಳಿಕೆ ನೀಡಿದವುಗಳನ್ನೂ ಬೇರ್ಪಡಿಸಿದೆವು. 24 ಗಂಟೆಗಳಲ್ಲಿ ಮೂರು ಅಥವಾ ಹೆಚ್ಚು ಬಾರಿ ತೆಳು ಮಲವಿಸರ್ಜನೆಯಾದರೆ ಅತಿಸಾರ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯನ್ನು ಒಪ್ಪಿಕೊಂಡೆವು. ಒಂದೇ ಅಧ್ಯಯನ ಎರಡು ದಿನದ, ಏಳು ದಿನದ ಮತ್ತು ಎರಡು ವಾರದ ನೆನಪನ್ನು ಆಧರಿಸಿ ಬೇರೆ ಬೇರೆ ಅಂಕಿಗಳನ್ನು ಕೊಟ್ಟಿದ್ದರೆ ಏಳು ದಿನದ್ದನ್ನೇ ಮೊದಲು ಆಯ್ದುಕೊಳ್ಳಬೇಕೆಂದೂ ಬರೆದಿಟ್ಟೆವು. ಹೀಗೆ ಮುಂಚೆಯೇ ಕಟ್ಟಿಹಾಕಿಕೊಳ್ಳದಿದ್ದರೆ, ಚೆನ್ನಾಗಿ ಕಾಣುವ ಅಂಕಿಯ ಕಡೆಗೆ ಕೈ ತಾನಾಗಿಯೇ ಹೋಗುತ್ತದೆ.

ಹುಡುಕಾಟದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಹಲವು ಸಾರಾಂಶಗಳಲ್ಲಿ ಕೈತೊಳೆಯುವಿಕೆಯ ಉಲ್ಲೇಖವಿಲ್ಲದೆ ನೈರ್ಮಲ್ಯ, ವರ್ತನಾ ಬದಲಾವಣೆ ಎಂಬ ಪದಗಳಷ್ಟೇ ಇರುವುದರಿಂದ ಪದಗಳ ಬಲೆಯನ್ನು ಅಗಲವಾಗಿ ಬೀಸಿದೆವು. ನಮಗೆ ಮೊದಲೇ ಗೊತ್ತಿದ್ದ ಅಧ್ಯಯನಗಳೆಲ್ಲವೂ ಅದರಲ್ಲಿ ಸಿಗುತ್ತವೆಯೇ ಎಂದು ಪರೀಕ್ಷಿಸಿದೆವು. ಸಿಕ್ಕ ಲೇಖನಗಳಲ್ಲಿ ಅರ್ಹವಾದವುಗಳನ್ನು ಆಯುವ ಸ್ಕ್ರೀನಿಂಗನ್ನು ಇಬ್ಬರು ಪರಸ್ಪರರ ನಿರ್ಣಯ ತಿಳಿಯದಂತೆ ಮಾಡಿದರು, ಭಿನ್ನಾಭಿಪ್ರಾಯ ಉಳಿದಲ್ಲಿ ಮೂರನೆಯವರು ತೀರ್ಪು ಕೊಟ್ಟರು.

ಅತಿ ಹೆಚ್ಚು ಶ್ರಮ ಬೇಡಿದ್ದು ಅಂಕಿಗಳನ್ನು ತೆಗೆಯುವ ಹಂತ. ಇಂಥ ಪ್ರಯೋಗಗಳಲ್ಲಿ ಹೆಚ್ಚಾಗಿ ಹಳ್ಳಿಗಳನ್ನೋ ಶಾಲೆಗಳನ್ನೋ ಇಡಿಯಾಗಿ ಯಾದೃಚ್ಛಿಕವಾಗಿ (ಚೀಟಿ ಎತ್ತಿದಂತೆ) ಕಾರ್ಯಕ್ರಮ ಪಡೆಯುವ ಮತ್ತು ಪಡೆಯದ ಗುಂಪುಗಳಿಗೆ ಹಂಚಲಾಗುತ್ತದೆ, ಆದರೆ ಕೆಲವು ಲೇಖನಗಳು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹಂಚಿದಂತೆಯೇ ವಿಶ್ಲೇಷಿಸಿರುತ್ತವೆ. ಒಂದೇ ಹಳ್ಳಿಯ ಮಕ್ಕಳು ಒಬ್ಬರನ್ನೊಬ್ಬರು ಹೋಲುವುದರಿಂದ ಅಲ್ಲಿ ನಿಜವಾದ ಮಾಹಿತಿ ತೋರಿಕೆಗಿಂತ ಕಡಿಮೆ. ಉದಾಹರಣೆಗೆ, ಪ್ರತಿ ಕ್ಲಸ್ಟರ್‌ನಲ್ಲಿ (ಇಡಿಯಾಗಿ ಹಂಚಿದ ಹಳ್ಳಿ ಅಥವಾ ಶಾಲೆಯಲ್ಲಿ) 31 ಮಕ್ಕಳಿದ್ದು, ಅವರು ಒಬ್ಬರನ್ನೊಬ್ಬರು ಎಷ್ಟು ಹೋಲುತ್ತಾರೆಂದು ಹೇಳುವ ಕ್ಲಸ್ಟರ್ ಒಳಗಿನ ಸಹಸಂಬಂಧ ಗುಣಾಂಕ 0.02 ಎಂದಿದ್ದರೆ, ಮಾಹಿತಿ ಎಷ್ಟು ಪಟ್ಟು ಕುಗ್ಗುತ್ತದೆಂದು ತೋರಿಸುವ ವಿನ್ಯಾಸ ಪರಿಣಾಮವು 1 + (31 − 1) × 0.02, ಅಂದರೆ 1.6 ಆಗುತ್ತದೆ, 800 ಮಕ್ಕಳ ಅಧ್ಯಯನವು 500 ಮಕ್ಕಳ ಅಧ್ಯಯನದಷ್ಟೇ ತೂಗುತ್ತದೆ. ಗುಣಾಂಕವನ್ನು ವರದಿ ಮಾಡದ ಕಡೆ ಅದೇ ಬಗೆಯ ಬೇರೆ ಅಧ್ಯಯನಗಳಿಂದ ಎರವಲು ಪಡೆದು, ಬೇರೆ ಮೌಲ್ಯಗಳನ್ನೂ ಇಟ್ಟು ನೋಡಿದೆವು. ಅನುಪಾತಗಳಲ್ಲೂ ಇಂಥದ್ದೇ ಎಚ್ಚರ ಬೇಕು. ರೋಗದ ಪ್ರಮಾಣ ಶೇ. 40ರಿಂದ ಶೇ. 30ಕ್ಕೆ ಇಳಿದರೆ ಅಪಾಯದ ಅನುಪಾತ (30ನ್ನು 40ರಿಂದ ಭಾಗಿಸಿದಾಗ) 0.75, ಆದರೆ ರೋಗ ಬಂದವರನ್ನು ಬಾರದವರೊಡನೆ ಹೋಲಿಸಿ ಲೆಕ್ಕಹಾಕುವ ಆಡ್ಸ್ ಅನುಪಾತ ಸುಮಾರು 0.64, ಎರಡನ್ನೂ ಒಂದೇ ಎಂದು ಬೆರೆಸಿದರೆ ಕಾರ್ಯಕ್ರಮದ ಪ್ರಯೋಜನ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಒಂದೇ ಗುಂಪಿನೊಳಗೆ ಸಾಕಷ್ಟು ಹೋಲಿಕೆಯಿದ್ದ ಅಧ್ಯಯನಗಳನ್ನು ಪರಿಣಾಮ ಜಾಗದಿಂದ ಜಾಗಕ್ಕೆ ಬದಲಾಗಬಹುದೆಂದು ಒಪ್ಪುವ ಯಾದೃಚ್ಛಿಕ ಪರಿಣಾಮ ಮಾದರಿಯಲ್ಲಿ, ಫಲಿತಾಂಶಗಳನ್ನು ಒಂದೇ ಅಂಕಿಯಾಗಿ ಒಟ್ಟುಗೂಡಿಸುವ ಮೆಟಾ-ಅನಾಲಿಸಿಸ್‌ಗೆ ಒಳಪಡಿಸಿದೆವು. ಐ-ಸ್ಕ್ವೇರ್ ಎಂಬ ಅಂಕಿ ಹೆಚ್ಚಿದ ಕೂಡಲೇ ಒಟ್ಟುಗೂಡಿಸುವುದನ್ನು ಕೈಬಿಡಬೇಕೆಂಬ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ: ಅಧ್ಯಯನಗಳ ನಡುವಿನ ವ್ಯತ್ಯಾಸದಲ್ಲಿ ಎಷ್ಟು ಪಾಲು ಕೇವಲ ಆಕಸ್ಮಿಕವಲ್ಲ ಎಂಬುದನ್ನು ಮಾತ್ರ ಅದು ಸೂಚಿಸುತ್ತದೆ, ಮತ್ತು ಅಧ್ಯಯನಗಳು ದೊಡ್ಡದಾದಷ್ಟೂ ಅದು ಏರುತ್ತದೆ. ಹೊಸದೊಂದು ಜಾಗದಲ್ಲಿ ಪರಿಣಾಮ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ಹೇಳುವ ಮುನ್ಸೂಚನಾ ವ್ಯಾಪ್ತಿಯನ್ನು ಕೊಡುವುದು ಕಾರ್ಯಕ್ರಮ ರೂಪಿಸುವವರಿಗೆ ಹೆಚ್ಚು ಉಪಯುಕ್ತ.

ಒಟ್ಟುಗೂಡಿಸಲಾಗದ ಗುಂಪುಗಳಿಗೆ ಮೆಟಾ-ಅನಾಲಿಸಿಸ್ ಇಲ್ಲದೆ ಫಲಿತಾಂಶಗಳನ್ನು ಸೇರಿಸಿ ವರದಿ ಮಾಡುವ ಬಗೆಗೆ 2020ರಲ್ಲಿ ಪ್ರಕಟವಾದ ಸ್ವಿಮ್ ಮಾರ್ಗಸೂಚಿಯನ್ನು ಅನುಸರಿಸಿದೆವು. ಪಿ-ಮೌಲ್ಯ (ಪರಿಣಾಮವೇ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ) 0.05ಕ್ಕಿಂತ ಕಡಿಮೆ ಇರುವ ಅಧ್ಯಯನಗಳನ್ನು ಎಣಿಸಿ ಗೆಲುವು ಸೋಲು ಹೇಳುವ ಪದ್ಧತಿ ಇನ್ನೂ ಬಳಕೆಯಲ್ಲಿದೆ. ಅದರಲ್ಲಿ ಚಿಕ್ಕ ಅಧ್ಯಯನಗಳೆಲ್ಲ ಪರಿಣಾಮವಿಲ್ಲ ಎಂಬ ಲೆಕ್ಕಕ್ಕೆ ಸೇರಿಬಿಡುತ್ತವೆ. ನಾವು ಪರಿಣಾಮದ ದಿಕ್ಕನ್ನಷ್ಟೇ ಎಣಿಸಿದೆವು. ಹತ್ತರಲ್ಲಿ ಎಂಟು ಅಧ್ಯಯನಗಳು ಒಂದೇ ದಿಕ್ಕಿಗಿದ್ದರೂ ದಿಕ್ಕುಗಳ ಎಣಿಕೆಯನ್ನಷ್ಟೇ ನೋಡುವ ಸೈನ್ ಪರೀಕ್ಷೆಯಲ್ಲಿ ಎರಡು ಬದಿಯ ಪಿ-ಮೌಲ್ಯ ಸುಮಾರು 0.11 ಬರುತ್ತದೆ ಎಂಬುದನ್ನೂ, ದಿಕ್ಕು ತಿಳಿದರೆ ಪರಿಣಾಮದ ಗಾತ್ರ ತಿಳಿದಂತಲ್ಲ ಎಂಬುದನ್ನೂ ಇಲ್ಲಿ ಮರೆಯಬಾರದು.

ಕೊನೆಯದಾಗಿ, ಉನ್ನತ, ಮಧ್ಯಮ, ಕಡಿಮೆ, ಅತಿ ಕಡಿಮೆ ಎಂಬ ನಾಲ್ಕು ಮಟ್ಟಗಳಿರುವ ಗ್ರೇಡ್ ಪದ್ಧತಿಯಲ್ಲಿ ಪುರಾವೆಯ ಖಚಿತತೆಯನ್ನು ಅಳೆದೆವು. ಯಾದೃಚ್ಛಿಕ ಪ್ರಯೋಗಗಳು ಉನ್ನತ ಮಟ್ಟದಿಂದ ಆರಂಭವಾದರೂ, ಸಾಬೂನು ಪಡೆದ ತಾಯಿಗೆ ತಾನು ಯಾವ ಗುಂಪಿನಲ್ಲಿದ್ದೇನೆಂದು ಗೊತ್ತಿರುತ್ತದೆ, ಮಗುವಿನ ಅತಿಸಾರದ ಬಗ್ಗೆ ಉತ್ತರಿಸುವವಳೂ ಅವಳೇ. ಈ ಪಕ್ಷಪಾತದ ಅಪಾಯಕ್ಕಾಗಿ ಎಲ್ಲ ಗುಂಪುಗಳಲ್ಲೂ ಒಂದು ಮಟ್ಟ ಇಳಿಸಿದೆವು. ಶಾಲೆಗಳ ಗುಂಪಿನಲ್ಲಿ ವಿಶ್ವಾಸಾಂತರ (ನಿಜವಾದ ಪರಿಣಾಮ ಇರಬಹುದಾದ ಅಂಕಿಗಳ ವ್ಯಾಪ್ತಿ) ತೀರಾ ಅಗಲವಾಗಿದ್ದುದರಿಂದ ಇನ್ನೊಂದು ಮಟ್ಟ ಇಳಿಸಿ, ಖಚಿತತೆ ಕಡಿಮೆ ಎಂದು ದಾಖಲಿಸಿದೆವು.