ಡಿಸ್ಕಲ್ಲಿ ಖಾಲಿ ಬಿಟ್ಟ 130 ಜಿಬಿ

"ಅಷ್ಟು ಜಾಗ ಸುಮ್ನೆ ಯಾಕೆ ಬಿಟ್ಟಿದ್ದೀರಿ ಮಾವ? ಎಲ್ಲಾ ಒಂದೇ ಪಾರ್ಟಿಷನ್‌ಗೆ ಕೊಟ್ಟುಬಿಡಿ" ಅಂತ ಅಕ್ಕನ ಮಗ ನಕ್ಕಿದ್ದ. ಹೋದ ತಿಂಗಳು ಅವನೇ ಬಂದು ಜಾಗ ಹಿಗ್ಗಿಸುವ ಕಮಾಂಡ್ ಬರೆಸಿಕೊಂಡು ಹೋದ.

ನಮ್ಮದು ಪುಟ್ಟ ಡಿಟಿಪಿ ಅಂಗಡಿ. ಲಿನಕ್ಸ್ ಹಾಕಿ ಆರೇಳು ವರ್ಷ ಆಯಿತು. ಮೊದಲ ಸಲ ಡಿಸ್ಕನ್ನು ಪಾಲು (ಪಾರ್ಟಿಷನ್) ಮಾಡಿದಾಗ ಸಿಸ್ಟಮ್ ಕೂರುವ ರೂಟ್‌ಗೆ 20 ಜಿಬಿ, ಉಳಿದದ್ದೆಲ್ಲ ನಮ್ಮ ಫೈಲುಗಳಿರುವ /ಹೋಮ್‌ಗೆ. ಲಾಗ್, ಪ್ರಿಂಟ್ ಸರದಿಯಂಥ ಬೆಳೆಯುತ್ತಲೇ ಇರುವ ಫೈಲುಗಳ ಜಾಗ /ವಾರ್ ರೂಟ್ ಒಳಗೇ ಇತ್ತು. ಎಡವಟ್ಟಾಗಿದ್ದು ಅಲ್ಲೇ. ಮದುವೆ ಸೀಸನ್, ದಪ್ಪ ದಪ್ಪ ಫೈಲುಗಳು ಪ್ರಿಂಟ್‌ಗೆ ಹೋಗುತ್ತಿದ್ದವು. ಪ್ರಿಂಟ್ ಆದ ಮೇಲೂ ಕಪ್ಸ್ (ಲಿನಕ್ಸ್‌ನ ಪ್ರಿಂಟಿಂಗ್ ವ್ಯವಸ್ಥೆ) ಅವನ್ನು /ವಾರ್/ಸ್ಪೂಲ್/ಕಪ್ಸ್‌ನಲ್ಲಿ ಒಂದು ದಿನ ಇಟ್ಟುಕೊಂಡಿರುತ್ತದೆ. ನನಗೆಲ್ಲಿ ಗೊತ್ತು! ಸಂಜೆಗೆ ರೂಟ್ 100%. ಪಾಸ್‌ವರ್ಡ್ ಕೊಟ್ಟರೆ ಮತ್ತೆ ಲಾಗಿನ್ ಪರದೆಗೇ ವಾಪಸ್. ಅತ್ತ /ಹೋಮ್‌ನಲ್ಲಿ 300 ಜಿಬಿ ಆರಾಮಾಗಿ ಬಿದ್ದಿತ್ತು.

ಪಾರ್ಟಿಷನ್ ತಿದ್ದುವ ಜಿಪಾರ್ಟೆಡ್‌ನಲ್ಲಿ ರೂಟ್ ಹಿಗ್ಗಿಸಲು ಹೊರಟೆ. ಪಕ್ಕದಲ್ಲೇ /ಹೋಮ್. ಅದು ಸರಿಯಬೇಕೆಂದರೆ ಒಳಗಿನ ಡೇಟಾ ಪೂರ್ತಿ ಜರುಗಬೇಕು. ಮೂರು ಗಂಟೆ ಓಡಿತ್ತು, ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ. ರಿಕವರಿಯವರು ಎಂಟು ಸಾವಿರ ಕೇಳಿದರು, ಕೊಡಲಿಲ್ಲ. ಬ್ಯಾಕಪ್‌ನಲ್ಲಿ ಇದ್ದಷ್ಟು ಉಳಿಯಿತು. ಉಳಿದ ಲಗ್ನಪತ್ರಿಕೆಗಳನ್ನು ರಾತ್ರಿಯೆಲ್ಲ ಕೂತು ಮತ್ತೆ ಕಂಪೋಸ್ ಮಾಡಿದೆ. ಇಬ್ಬರಿಗೆ ಅಡ್ವಾನ್ಸ್ ವಾಪಸ್ ಕೊಟ್ಟೆ, ಮೂರೂವರೆ ಸಾವಿರ ಇರಬೇಕು.

ಆಮೇಲೆ ಎಲ್‌ವಿಎಂ. ಡಿಸ್ಕಿನ ಜಾಗವನ್ನು ವಾಲ್ಯೂಮ್‌ಗಳಾಗಿ ಹಂಚಿ, ಬೇಕಾದಾಗ ಹಿಗ್ಗಿಸುವ ವ್ಯವಸ್ಥೆ. ಅಲ್ಲೂ ಮೊದಲು /ಹೋಮ್‌ಗೆ ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಹಾಕಿ ಕೆಟ್ಟೆ. ಅದು ಹಿಗ್ಗುತ್ತದೆ, ಕುಗ್ಗುವುದಿಲ್ಲ. ವಾರ ದಂಡ, ಮತ್ತೆ ಕುಗ್ಗಿಸಲೂ ಬರುವ ಇಎಕ್ಸ್‌ಟಿ4. ಆಗ 500 ಜಿಬಿ ಡಿಸ್ಕಲ್ಲಿ (ಸಿಸ್ಟಮ್ ಲೆಕ್ಕದಲ್ಲಿ 465) ರೂಟ್ 40, /ವಾರ್ 30, /ಹೋಮ್ 250. ಬೂಟ್, ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಜಾಗ) ಕಳೆದು 130ರ ಹತ್ತಿರ ಯಾರಿಗೂ ಕೊಡಲಿಲ್ಲ.

ಹೋದ ಸೀಸನ್‌ನಲ್ಲಿ /ವಾರ್ 95% ಅಂತು. ಗಿರಾಕಿ ಎದುರಿಗೇ ಕೂತಿದ್ದರು. ವಾಲ್ಯೂಮ್ ಹಿಗ್ಗಿಸುವ ಎಲ್‌ವಿಎಕ್ಸ್‌ಟೆಂಡ್ ಕಮಾಂಡ್‌ಗೆ -ಆರ್ ಸೇರಿಸಿ ಆ ಖಾಲಿ ಜಾಗದಿಂದ 20 ಜಿಬಿ ಬಡಿಸಿದೆ. ಪ್ರಿಂಟ್ ನಿಲ್ಲಲಿಲ್ಲ, ಅವರ ಕಾಫಿ ಆರಲಿಲ್ಲ! -ಆರ್ ಮರೆತರೆ ವಾಲ್ಯೂಮ್ ಮಾತ್ರ ಬೆಳೆಯುತ್ತದೆ, ಫೈಲ್ ಸಿಸ್ಟಮ್ ಇದ್ದಷ್ಟೇ ಇರುತ್ತದೆ.

ನಡುವೆ ಇನ್ನೊಂದು ಆಟ ಆಡಿದೆ. ಇಎಕ್ಸ್‌ಟಿ4 ನೂರಕ್ಕೆ 5ರಷ್ಟು ಜಾಗವನ್ನು ರೂಟ್ ಯೂಸರ್‌ಗೆ (ಸಿಸ್ಟಮ್ ಅಡ್ಮಿನ್‌ಗೆ) ಅಂತ ಎತ್ತಿಡುತ್ತದಲ್ಲ, /ಹೋಮ್‌ಗೆ ಅದೇಕೆ? ಟ್ಯೂನ್2ಎಫ್‌ಎಸ್ ಕಮಾಂಡ್‌ನಲ್ಲಿ 1ಕ್ಕೆ ಇಳಿಸಿದೆ. 10 ಜಿಬಿ ಪುಗಸಟ್ಟೆ ಸಿಕ್ಕಿತು. ರೂಟ್ ಪಾರ್ಟಿಷನ್‌ನಲ್ಲಿ ಮಾತ್ರ ಈ ಆಟ ಬೇಡ.

ಖಾಲಿ ಜಾಗದಲ್ಲಿ ಒಂದು ಪಾಲು ರಾತ್ರಿಯ ಸ್ನ್ಯಾಪ್‌ಶಾಟ್‌ಗೆ (ವಾಲ್ಯೂಮ್ ಆ ಕ್ಷಣ ಇದ್ದ ಸ್ಥಿತಿಯನ್ನು ಹಿಡಿದಿಡುವುದಕ್ಕೆ). ಅದರ ಸ್ಕ್ರಿಪ್ಟ್ ಕೇಳಬೇಡಿ, ಅಕ್ಕನ ಮಗನಿಗೂ ಕೊಟ್ಟಿಲ್ಲ.