ಕ್ಷಮಾದಾನ ಅರ್ಜಿ ತಿರಸ್ಕಾರವಾದ ಮೇಲೆ ಕೋರ್ಟಿಗೆ ಹೋಗುವುದು ಹೇಗೆ?

ಗಲ್ಲು ಶಿಕ್ಷೆಗೆ ಗುರಿಯಾದವರ ಕ್ಷಮಾದಾನ ಅರ್ಜಿಯನ್ನು ರಾಷ್ಟ್ರಪತಿ ತಳ್ಳಿಹಾಕಿದರು ಅಂದರೆ ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ಮುಗಿದಿರುವುದಿಲ್ಲ. ಇನ್ನೂ ಒಂದು ಬಾಗಿಲು ಇದೆ, ಅದು ಕೋರ್ಟ್. ಆದರೆ ಸಮಯ ಬಹಳ ಕಡಿಮೆ.

ಮೊದಲು ಒಂದು ಮಾತು ಸ್ಪಷ್ಟವಿರಲಿ. ‘ಅವನು ತಪ್ಪು ಮಾಡಿಲ್ಲ’ ಎಂಬ ವಾದಕ್ಕೆ ಇಲ್ಲಿ ಜಾಗವಿಲ್ಲ. ಕ್ಷಮೆ ಕೊಡಬೇಕಿತ್ತೋ ಬೇಡವೋ ಎಂದೂ ಕೋರ್ಟ್ ತೂಗುವುದಿಲ್ಲ. ಆ ತೀರ್ಮಾನಕ್ಕೆ ಬಂದ ದಾರಿ ಸರಿಯಿತ್ತೇ, ಕಾಯುವಾಗ ಕೈದಿಗೆ ಅನ್ಯಾಯವಾಯಿತೇ ಎಂದಷ್ಟೇ ನೋಡುತ್ತದೆ. ಮುಖ್ಯವಾದ ಕಾಗದ ರಾಷ್ಟ್ರಪತಿಯವರ ಮುಂದೆ ಹೋಗಲೇ ಇಲ್ಲವೇ? ಸಂಬಂಧವಿಲ್ಲದ ಕಾರಣ ನುಸುಳಿತೇ? ದುರುದ್ದೇಶ ಇತ್ತೇ? ಇಂಥ ಪ್ರಶ್ನೆ ಕೇಳಬಹುದು ಎಂದು 2006ರ ಈಪುರು ಸುಧಾಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ತಿರಸ್ಕಾರದ ಕಾಗದ ಕೈಗೆ ಬಂದ ದಿನವನ್ನು ಬರೆದಿಟ್ಟುಕೊಳ್ಳಿ. ತಿರಸ್ಕಾರದ ವಿಷಯ ತಿಳಿಸಿದ ಮೇಲೆ ಗಲ್ಲಿಗೇರಿಸಲು ಕನಿಷ್ಠ 14 ದಿನ ಬಿಡಬೇಕು. 2014ರ ಜನವರಿ 21ರಂದು ಸುಪ್ರೀಂ ಕೋರ್ಟಿನ ಶತ್ರುಘ್ನ ಚೌಹಾಣ್ ತೀರ್ಪಿನಲ್ಲಿ ಬಂದ ನಿಯಮ ಇದು. ಅದಕ್ಕೆ ಒಂದು ವರ್ಷ ಮೊದಲು, ಸಂಸತ್ ದಾಳಿ ಪ್ರಕರಣದ ಅಫ್ಜಲ್ ಗುರುವನ್ನು ತಿಹಾರ್ ಜೈಲಿನಲ್ಲಿ ಗಲ್ಲಿಗೇರಿಸಿದ್ದರು. ವಿಷಯ ತಿಳಿಸುವ ಸ್ಪೀಡ್ ಪೋಸ್ಟ್ ಪತ್ರ ಕಾಶ್ಮೀರದ ಅವರ ಮನೆಗೆ ಮುಟ್ಟಿದ್ದು ಎಲ್ಲ ಮುಗಿದ ಮೇಲೆ. ಅಪರಾಧ ಏನೇ ಇರಲಿ, ಹೆಂಡತಿ ಮಕ್ಕಳಿಗೆ ಕೊನೆಯ ಭೇಟಿಯೂ ಸಿಗದಿರುವುದು ಸರಿಯೇ? ಈಗ ಆ ಭೇಟಿಗೆ ಅವಕಾಶ ಮಾಡಿಕೊಡುವುದು ಕಡ್ಡಾಯ.

ವಕೀಲರಿಗೆ ದುಡ್ಡಿಲ್ಲ ಎಂದು ಸುಮ್ನೆ ಕೂರಬೇಡಿ. ಈ ಹಂತದಲ್ಲೂ ಉಚಿತ ಕಾನೂನು ನೆರವು ಕೈದಿಯ ಹಕ್ಕು. ತಿರಸ್ಕಾರದ ಸುದ್ದಿಯನ್ನು ಹತ್ತಿರದ ಕಾನೂನು ನೆರವು ಕೇಂದ್ರಕ್ಕೆ ಜೈಲು ಸೂಪರಿಂಟೆಂಡೆಂಟರೇ ತಿಳಿಸಬೇಕು. ತೀರ್ಪು, ದಾಖಲೆಗಳ ಪ್ರತಿಯನ್ನು ಜೈಲಿನವರು ಒಂದು ವಾರದೊಳಗೆ ಕೊಡಬೇಕು. ಲಿಖಿತವಾಗಿಯೇ ಕೇಳಿ.

ಪ್ರತಿಗಳು ಬಂದ ಮೇಲೆ ತಾರೀಖುಗಳ ಪಟ್ಟಿ ಮಾಡಿ. ಅರ್ಜಿ ಕೊಟ್ಟದ್ದು ಯಾವಾಗ? ರಾಜ್ಯ ಸರ್ಕಾರದಿಂದ ದೆಹಲಿಗೆ ಕಡತ ಹೋದದ್ದು ಯಾವಾಗ? ಎಲ್ಲಿ, ಎಷ್ಟು ದಿನ ಕೊಳೆಯಿತು? ಎಷ್ಟೋ ಸಲ ಜೀವ ಉಳಿಸಿದ್ದು ಈ ಪಟ್ಟಿಯೇ, ಏಕೆಂದರೆ ಸರ್ಕಾರದ ಕಡೆಯಿಂದಾದ ವಿಪರೀತ ವಿಳಂಬವೂ ಗಲ್ಲನ್ನು ಜೀವಾವಧಿಗೆ ಇಳಿಸಲು ಕಾರಣವಾಗಬಹುದು. 1993ರ ಪಾಲಾರ್ ಸ್ಫೋಟದಲ್ಲಿ 22 ಜನ ಸತ್ತರು. ಆ ಪ್ರಕರಣದಲ್ಲಿ ವೀರಪ್ಪನ್‌ನ ನಾಲ್ವರು ಸಹಚರರಿಗೆ 2004ರಲ್ಲಿ ಗಲ್ಲು ಶಿಕ್ಷೆಯಾಯಿತು. ಅವರ ಕ್ಷಮಾದಾನ ಅರ್ಜಿ ತಿರಸ್ಕಾರವಾದದ್ದು 2013ರಲ್ಲಿ. ಒಂಬತ್ತು ವರ್ಷ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಇಂದೋ ನಾಳೆಯೋ ಎಂದು ದಿನ ಎಣಿಸುವುದೇ ಒಂದು ಹಿಂಸೆ, ಅಲ್ವಾ? ಶತ್ರುಘ್ನ ಚೌಹಾಣ್ ತೀರ್ಪಿನಲ್ಲಿ ಜೀವಾವಧಿ ಶಿಕ್ಷೆಗೆ ಇಳಿದ 15 ಮಂದಿಯಲ್ಲಿ ಈ ನಾಲ್ವರೂ ಇದ್ದರು. ಇಷ್ಟು ವರ್ಷ ಆದರೆ ವಿಳಂಬ ಎಂಬ ಲೆಕ್ಕ ಮಾತ್ರ ಇಲ್ಲ. ಕೈದಿಯಿಂದಲೇ ಆದ ತಡವೂ ಇದಕ್ಕೆ ಸೇರುವುದಿಲ್ಲ.

ವಿಳಂಬ ಇಲ್ಲದಿದ್ದರೆ ಜೈಲಿನೊಳಗಿನ ದಾಖಲೆ ನೋಡಿ. ಮಾನಸಿಕ ಕಾಯಿಲೆಗೆ ಚಿಕಿತ್ಸೆ ನಡೆದಿದೆಯೇ? ಒಂಟಿಯಾಗಿ ಕೂಡಿಹಾಕಿದ್ದರೇ? ಅತ್ಯಾಚಾರ, ಕೊಲೆ ಅಪರಾಧಿ ಬಿ.ಎ. ಉಮೇಶ್ (ಉಮೇಶ್ ರೆಡ್ಡಿ) ಪ್ರಕರಣದಲ್ಲಿ ವಿಳಂಬದ ವಾದ ನಿಲ್ಲಲಿಲ್ಲ. ಆದರೆ 2006ರಿಂದ 2013ರಲ್ಲಿ ಅರ್ಜಿ ತಿರಸ್ಕಾರವಾಗುವವರೆಗೂ ಬೆಳಗಾವಿಯಲ್ಲಿ ಅವನನ್ನು ಏಕಾಂತ ಸೆರೆಯಲ್ಲಿಟ್ಟದ್ದು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿ ಗಲ್ಲು ತಪ್ಪಿಸಿತು. ಹಾಗೆಂದು ಬಿಡುಗಡೆ ಸಿಗಲಿಲ್ಲ. ಕನಿಷ್ಠ 30 ವರ್ಷ ಒಳಗಿರಲೇಬೇಕು.

ಇನ್ನು ರಿಟ್ ಅರ್ಜಿ, ಅಂದರೆ ಮೂಲಭೂತ ಹಕ್ಕಿಗೆ ಧಕ್ಕೆಯಾಗಿದೆ ಎಂದು ಮೇಲಿನ ಕೋರ್ಟಿಗೆ ನೇರವಾಗಿ ಸಲ್ಲಿಸುವ ಅರ್ಜಿ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು, 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೂ ಹೋಗಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 472ನೇ ಸೆಕ್ಷನ್, ಕ್ಷಮಾದಾನದ ತೀರ್ಮಾನವನ್ನು ಯಾವ ಕೋರ್ಟೂ ವಿಚಾರಿಸುವಂತಿಲ್ಲ ಎನ್ನುತ್ತದೆ. ಅದನ್ನು ಓದಿ ಧೈರ್ಯ ಕಳೆದುಕೊಳ್ಳಬೇಡಿ. ಸಂವಿಧಾನವೇ ಕೊಟ್ಟ ರಿಟ್ ಅಧಿಕಾರವನ್ನು ಸಾಧಾರಣ ಕಾಯ್ದೆ ಕಿತ್ತುಕೊಳ್ಳಲಾಗದು.

ಅರ್ಜಿಯ ಜೊತೆಗೇ ತಡೆಯಾಜ್ಞೆ ಕೇಳಿ. ತುರ್ತು ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ತುರ್ತಾದರೆ ಕೋರ್ಟ್ ರಾತ್ರಿಯೂ ಕೂರುತ್ತದೆ. 2015ರ ಜುಲೈ 30ರಂದು ಮುಂಬೈ ಸ್ಫೋಟ ಪ್ರಕರಣದ ಯಾಕೂಬ್ ಮೆಮನ್ ಅರ್ಜಿಯನ್ನು ಬೆಳಗಿನ ಜಾವ ಮೂರರ ಹೊತ್ತಿಗೆ ಕೇಳಿತ್ತು, ಕೊನೆಗೆ ವಜಾ ಮಾಡಿತು. ತಡೆಯಾಜ್ಞೆ ಸಿಕ್ಕರೆ ಅದರ ಪ್ರತಿಯನ್ನು ಆ ಕ್ಷಣವೇ ಜೈಲಿಗೂ, ಗಲ್ಲಿಗೇರಿಸುವ ವಾರಂಟ್ ಹೊರಡಿಸಿದ ಸೆಷನ್ಸ್ ಕೋರ್ಟಿಗೂ ಮುಟ್ಟಿಸಿ, ಮುಟ್ಟಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ.