ಕೇಳಿಯೇ ಕಾರ್ಡ್ಸ್ ಹಿಡಿಯುವುದು ಹೇಗೆ?

ಗಿಟಾರ್ ಅಥವಾ ಕೀಬೋರ್ಡ್ ಕಲಿಯುವವರು ಒಂದು ಹಾಡು ಇಷ್ಟವಾದ ಕೂಡಲೇ ಇಂಟರ್ನೆಟ್‌ನಲ್ಲಿ ಅದರ ಕಾರ್ಡ್ಸ್ (chords, ಅಂದರೆ ಹಾಡಿನ ಜೊತೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು) ಹುಡುಕುತ್ತಾರೆ. ಇಂಗ್ಲಿಷ್ ಹಾಡಾದರೆ ಹತ್ತು ಕಡೆ ಸಿಗುತ್ತದೆ. ಕನ್ನಡದ ಭಾವಗೀತೆಗೋ ಹಳೆಯ ಸಿನಿಮಾ ಹಾಡಿಗೋ ಹಲವು ಸಲ ಸಿಗುವುದೇ ಇಲ್ಲ. ಸಿಕ್ಕರೂ ಅಲ್ಲಲ್ಲಿ ತಪ್ಪಿರುತ್ತದೆ. ಹಾಗಾಗಿ ಕೇಳಿ ಹಿಡಿಯುವುದನ್ನು ಕಲಿಯಲೇಬೇಕು. ಅದಕ್ಕೆ ವಿಶೇಷ ಪ್ರತಿಭೆ ಬೇಕಿಲ್ಲ. ಗಾಯಕರ ದನಿಯನ್ನು ಸ್ವಲ್ಪ ಹೊತ್ತು ಬಿಟ್ಟು, ಹಾಡಿನ ತಳಕ್ಕೆ ಕಿವಿ ಕೊಡುವ ಅಭ್ಯಾಸ ಬೇಕು.

ಮೊದಲು ಶ್ರುತಿ ಹುಡುಕಿ. ಪಲ್ಲವಿ ಮುಗಿಯುವ ಕಡೆ ಹಾಡು ನಿಲ್ಲಿಸಿ, ನೀವೇ ಗುನುಗಿ. ಯಾವ ಸ್ವರಕ್ಕೆ ಬಂದಾಗ ‘ಇಲ್ಲಿಗೆ ಮುಗೀತು’ ಅನ್ನಿಸುತ್ತದೋ ಅದೇ ಸಾಮಾನ್ಯವಾಗಿ ಹಾಡಿನ ಸ. ಕೀಬೋರ್ಡಿನಲ್ಲಿ ಅದನ್ನು ಒತ್ತಿ ಹಿಡಿದು ಹಾಡನ್ನು ಮತ್ತೆ ಹಾಕಿ. ಉದ್ದಕ್ಕೂ ತಂಬೂರಿಯಂತೆ ಹೊಂದಿಕೊಂಡರೆ ಶ್ರುತಿ ಸಿಕ್ಕಿತು ಅಂತ ಅರ್ಥ. ಹಳೆಯ ಕ್ಯಾಸೆಟ್‌ನಿಂದ ಬಂದ ಹಾಡಾದರೆ ಶ್ರುತಿ ಎರಡು ಕೀಗಳ ನಡುವೆ ಇರಬಹುದು. ಟೇಪ್ ಓಡುವ ವೇಗ ಚೂರು ಬದಲಾದರೂ ಶ್ರುತಿ ಸರಿಯುತ್ತದೆ. ಆಗ ಹಾಡಿಗೆ ತಕ್ಕಂತೆ ಗಿಟಾರನ್ನೇ ಶ್ರುತಿ ಮಾಡಿಕೊಳ್ಳಿ.

ಇನ್ನು ಬೇಸ್, ಅಂದರೆ ಹಾಡಿನ ತಳದಲ್ಲಿ ಕೇಳುವ ತಗ್ಗಿನ ಸ್ವರ. ಫೋನಿನ ಸ್ಪೀಕರಿನಲ್ಲಿ ಕೆಳಗಿನ ಸ್ವರಗಳು ಸರಿಯಾಗಿ ಕೇಳುವುದಿಲ್ಲ, ಇಯರ್‌ಫೋನ್ ಹಾಕಿಕೊಳ್ಳಿ. ಬೇಸ್ ಗಿಟಾರ್ ಏನು ನುಡಿಸುತ್ತಿದೆ ಎಂದು ಕೇಳಿ, ಅದನ್ನು ನಿಮ್ಮ ಸ್ಥಾಯಿಗೆ ಏರಿಸಿ ಗುನುಗಿ. ಬಾಯಲ್ಲಿ ಬಂದದ್ದು ಬೆರಳಿಗೆ ಬೇಗ ಸಿಗುತ್ತದೆ. ಜೊತೆಗೆ ಸಾಹಿತ್ಯ ಬರೆದಿಟ್ಟುಕೊಂಡು, ಬೇಸ್ ಯಾವ ಅಕ್ಷರದ ಮೇಲೆ ಬದಲಾಯಿತೋ ಅಲ್ಲಿ ಗೆರೆ ಎಳೆಯಿರಿ. ಕಾರ್ಡ್ ಯಾವುದು ಎನ್ನುವುದಕ್ಕಿಂತ ಎಲ್ಲಿ ಬದಲಾಗುತ್ತದೆ ಎನ್ನುವುದು ಮೊದಲು ಗೊತ್ತಾಗಬೇಕು.

ಬೇಸ್‌ನ ಸ್ವರವೇ ಹೆಚ್ಚಾಗಿ ಕಾರ್ಡಿನ ಹೆಸರು. ಅದು ಮೇಜರ್ ಹೌದೋ ಮೈನರ್ ಹೌದೋ ತಿಳಿಯಲು ಒಂದೇ ಸ್ವರ ಸಾಕು. ಕಪ್ಪು ಬಿಳುಪು ಎಲ್ಲ ಸೇರಿಸಿ ಎಣಿಸಿದರೆ, ಮೂಲಸ್ವರದಿಂದ (ಕಾರ್ಡಿಗೆ ಹೆಸರು ಕೊಟ್ಟ ಸ್ವರ) ನಾಲ್ಕು ಕೀ ಮೇಲಿನದು ಹೊಂದಿದರೆ ಮೇಜರ್, ಮೂರು ಕೀ ಮೇಲಿನದು ಹೊಂದಿದರೆ ಮೈನರ್. ಶಂಕರಾಭರಣ ರಾಗದ, ಅಂದರೆ ಮೇಜರ್ ಸ್ಕೇಲಿನ, ಸ್ವರಗಳಲ್ಲಿರುವ ಹಾಡಾದರೆ ಊಹೆ ಇನ್ನೂ ಸುಲಭ. ಸ, ಮ, ಪ ಮೇಲಿನ ಕಾರ್ಡ್‌ಗಳು ಮೇಜರ್. ರಿ, ಗ, ದ ಮೇಲಿನವು ಮೈನರ್.

ಎಲ್ಲರಿಗೂ ಗೊತ್ತಿರುವ ‘ಹ್ಯಾಪಿ ಬರ್ತ್‌ಡೇ’ಯನ್ನೇ ಸಿ ಶ್ರುತಿಯಲ್ಲಿ ನೋಡೋಣ. ಇಲ್ಲಿ ಸ ಎಂದರೆ ಸಿ, ಮ ಎಂದರೆ ಎಫ್, ಪ ಎಂದರೆ ಜಿ. ಮೊದಲ ಸಾಲು ಪ ಪ ದ ಪ ಸ ನಿ. ಸಿ ಮೇಜರ್‌ನಲ್ಲಿ ಶುರುವಾಗಿ, ಕೊನೆಯ ನಿಗೆ ಬಂದಾಗ ಜಿ ಆಗುತ್ತದೆ. ಎರಡನೆಯದು ಪ ಪ ದ ಪ ರಿ ಸ. ಜಿ ಮುಂದುವರಿದು, ಕೊನೆಯ ಸಗೆ ಸಿ. ಮೂರನೆಯದು ಮೇಲಿನ ಪಗೆ ಜಿಗಿದು ಗ ಸ ನಿ ದ ಎಂದು ಇಳಿಯುತ್ತದೆ. ಆ ನಿ ಬರುವಾಗ ಕಾರ್ಡ್ ಎಫ್. ಎಫ್‌ನಲ್ಲಿ ಇರುವುದು ಮ, ದ, ಸ. ನಿ ಅದರಲ್ಲಿ ಇಲ್ಲವೇ ಇಲ್ಲ, ಅಲ್ವಾ? ಆದರೂ ಚೆನ್ನಾಗಿ ಕೇಳುತ್ತದೆ, ಯಾಕೆಂದರೆ ನಿ ತಕ್ಷಣ ದಗೆ ಇಳಿದು ನಿಲ್ಲುತ್ತದೆ. ಹಾಡಿನ ಪ್ರತಿ ಸ್ವರಕ್ಕೂ ಒಂದು ಕಾರ್ಡ್ ಹುಡುಕಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕೊನೆಯ ಸಾಲು ಮ ಮ ಗ ಸ ರಿ ಸ. ಗಗೆ ಸಿ, ರಿಗೆ ಜಿ, ಮತ್ತೆ ಸಿ. ಇಡೀ ಹಾಡು ಮೂರೇ ಕಾರ್ಡ್‌ಗಳಲ್ಲಿ ಮುಗಿಯಿತು.

ಸಿ ಮೇಜರ್ ಮತ್ತು ಎ ಮೈನರ್ ಜಾಸ್ತಿ ಗೊಂದಲ ಮಾಡುವ ಜೋಡಿ. ಮೂರು ಸ್ವರಗಳಲ್ಲಿ ಎರಡು, ಅಂದರೆ ಸಿ ಮತ್ತು ಇ, ಎರಡರಲ್ಲೂ ಇವೆ. ಹಾಗಾಗಿ ತಪ್ಪು ಕಾರ್ಡ್ ನುಡಿಸಿದರೂ ಸರಿಯೆಂದೇ ಕೇಳುತ್ತದೆ. ಇಲ್ಲೂ ತೀರ್ಮಾನ ಬೇಸ್‌ನದ್ದೇ. ಆದರೆ ಬೇಸ್ ಗ ಹಿಡಿದಾಗ ಹುಷಾರು. ಅದು ಗ ಮೇಲಿನ ಮೈನರ್ ಆಗಿರಬಹುದು, ಕೆಳಗೆ ಗ ಇಟ್ಟ ಸ ಮೇಜರ್ ಕೂಡ ಆಗಿರಬಹುದು. ಎರಡನ್ನೂ ನುಡಿಸಿ ನೋಡಿ. ಇಂಥ ಜಾಗವನ್ನು ಯೂಟ್ಯೂಬ್‌ನಲ್ಲಿ ವೇಗ 0.75ಕ್ಕೆ ಇಳಿಸಿ ಕೇಳಬಹುದು, ಶ್ರುತಿ ಬದಲಾಗುವುದಿಲ್ಲ.

ಸ ಮೇಲಿನ ಕಾರ್ಡ್ ಮೈನರ್ ಆಗಿರುವ ಹಾಡುಗಳಲ್ಲಿ ಪ ಮೇಲಿನ ಕಾರ್ಡನ್ನು ವಿಶೇಷವಾಗಿ ಪರೀಕ್ಷಿಸಿ. ಹಾಡಿನ ಸ್ವರಗಳು ನಟಭೈರವಿ ರಾಗದವಾದರೆ ಅದು ಮೈನರ್. ಕೀರವಾಣಿ ರಾಗದವಾದರೆ ನಿ ಒಂದು ಕೀ ಮೇಲಿರುತ್ತದೆ, ಹಾಗಾಗಿ ಮೇಜರ್. ಎ ಶ್ರುತಿಯಲ್ಲಿ ಇ ಮೈನರ್ ಬದಲು ಇ ಮೇಜರ್ ನುಡಿಸಿದರೆ ಹಾಡಿನ ಮುಖವೇ ಬದಲಾಗುತ್ತದೆ.

ರಾಗದ ಛಾಯೆ ಗಾಢವಾಗಿರುವ ಹಾಡಿಗೆ ಕಾರ್ಡ್‌ಗಳು ಕಡಿಮೆ ಇದ್ದಷ್ಟೂ ಚೆಂದ ಎನ್ನುವುದು ನನ್ನ ಅಭಿಪ್ರಾಯ. ಮೋಹನದಲ್ಲಿ ಮ, ನಿ ಎರಡೂ ಇಲ್ಲ. ರಾಗದ ಸ್ವರಗಳನ್ನಷ್ಟೇ ಬಳಸಿದರೆ ಸ ಗ ಪ ಸೇರಿದ ಮೇಜರ್, ದ ಸ ಗ ಸೇರಿದ ಮೈನರ್ ಮಾತ್ರ ಸಿಗುತ್ತವೆ. ಮೊದಲು ಈ ಎರಡರಲ್ಲೇ ಹಾಡು ನಿಲ್ಲುತ್ತದೆಯೇ ನೋಡಿ. ಗಾಂಧಾರದ (ಗ) ಮೇಲೆ ಗಮಕ, ಅಂದರೆ ಸ್ವರದ ತೂಗಾಟ, ಜಾಸ್ತಿ ಇರುವ ಸಾಲುಗಳಲ್ಲಿ ಕಾರ್ಡಿನ ಗ ತೆಗೆದು, ಬರೀ ಸ ಮತ್ತು ಪ ನುಡಿಸಿ. ದನಿಗೂ ವಾದ್ಯಕ್ಕೂ ಜಗಳ ಆಗುವುದಿಲ್ಲ.